ನಾಯಿಯ ಹುಳುವಿಗೆ ಅಡಿಕೆ ಮದ್ದೇ?

ಕೊನೆಕೊಯ್ಲು ಶುರುವಾಯಿತೆಂದರೆ ಹೆಗಡೆಕಟ್ಟಾದಿಂದ ಸಿದ್ದಾಪುರ, ಯಲ್ಲಾಪುರದವರೆಗೆ ಮನೆಯಂಗಳದ ತುಂಬ ಅಡಿಕೆಯೇ. ಸುಲಿದ ಹಸಿ ಅಡಿಕೆ, ಬೇಯಿಸಿ ಒಣಗಲು ಹರವಿದ್ದು, ಸಿಪ್ಪೆಯ ರಾಶಿ ಇವುಗಳ ನಡುವೆಯೇ ಮನೆಯ ನಾಯಿಯ ಓಡಾಟ. ಊಟವಾದ ಮೇಲೆ ನಾವು ಕವಳಕ್ಕೆ, ಅಂದರೆ ಎಲೆಯಡಿಕೆಗೆ, ಹಾಕಿಕೊಳ್ಳುವ ಈ ಅಡಿಕೆ ನಾಯಿಯ ಹೊಟ್ಟೆ ಸೇರಿದರೆ ಏನಾದೀತು? ಹುಳುವಿಗೆ ಒಳ್ಳೆಯದೇ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡಿಕೆಪುಡಿ ನಾಯಿಗಳ ಹುಳುವಿಗೆ ಕೊಡುವ ಹೆಸರಾಂತ ಮದ್ದಾಗಿತ್ತು. ನಾಯಿಯ ಲಾಡಿಹುಳುವಿನಿಂದ ಕುರಿಗೂ ಮನುಷ್ಯರಿಗೂ ಹರಡುವ ಹೈಡಾಟಿಡ್ ರೋಗದ ವಿರುದ್ಧ ನ್ಯೂಜಿಲೆಂಡ್ 1959ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಕೈಗೊಂಡಾಗ ನಾಯಿಗಳಿಗೆ ಕುಡಿಸಿದ್ದು ಅರೆಕೋಲಿನ್ ಎಂಬ ಔಷಧವನ್ನು. ಅದು ಅಡಿಕೆಯಲ್ಲಿರುವ ಮುಖ್ಯ ಸಸ್ಯಕ್ಷಾರ (ಆಲ್ಕಲಾಯ್ಡ್).

ಅರೆಕೋಲಿನ್ ಲಾಡಿಹುಳುವಿನ ಹಿಡಿತ ಸಡಿಲಿಸುತ್ತದೆ. ಜೊತೆಗೇ ನಾಯಿಯ ಕರುಳನ್ನು ಬಲವಾಗಿ ಕೆರಳಿಸಿ ಭೇದಿ ಮಾಡಿಸಿ ಹುಳುವನ್ನು ಹೊರಹಾಕುತ್ತದೆ. ಹುಳು ಬೀಳುವುದಕ್ಕೂ ನಾಯಿ ನರಳುವುದಕ್ಕೂ ಕಾರಣ ಒಂದೇ. ಪ್ರಮಾಣ ಸ್ವಲ್ಪ ಏರಿದರೂ ಜೊಲ್ಲು ಸುರಿಯುತ್ತದೆ, ವಾಂತಿಯಾಗುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಪಶುವೈದ್ಯರು ತೂಕ ನೋಡಿ ಕೊಡುತ್ತಿದ್ದ ಕಾಲದಲ್ಲೂ ಗಬ್ಬದ ನಾಯಿಗೆ, ಎಳೆಮರಿಗೆ, ಮುದಿ ನಾಯಿಗೆ ಇದು ಕೂಡದೆಂಬ ಎಚ್ಚರಿಕೆ ಇತ್ತು. ಪ್ರಾಜಿಕ್ವಾಂಟೆಲ್ ಬಂದ ಮೇಲೆ ಚಿಕಿತ್ಸೆಯಲ್ಲಿ ಅರೆಕೋಲಿನ್ ಹಿಂದೆ ಸರಿಯಿತು. ಹೊಸ ಔಷಧ ಹುಳುವನ್ನು ಕೊಲ್ಲುತ್ತದೆ, ನಾಯಿಯನ್ನು ಅಷ್ಟು ಹಿಂಸಿಸುವುದಿಲ್ಲ.

ಔಷಧವಾಗಿದ್ದ ವಸ್ತುವನ್ನು ಮನೆಯಲ್ಲೇ ಚಿಟಿಕೆಯಷ್ಟು ಕೊಟ್ಟರೆ ತಪ್ಪೇನು ಎಂದು ಕೇಳಬಹುದು. ತೊಡಕಿರುವುದು ಆ ಚಿಟಿಕೆಯಲ್ಲೇ. ಅಡಿಕೆಯಲ್ಲಿ ಅರೆಕೋಲಿನ್ ಎಷ್ಟಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು. ಬಿಸಿಲಿಗೆ ಒಣಗಿಸಿದರೆ ಅದು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ನೀರಿನಲ್ಲಿ ಕುದಿಸಿದರೆ ಬಹುಪಾಲು ಹೋಗುತ್ತದೆ. ಅಂದರೆ ಒಂದೇ ತೋಟದ, ಒಣಗಿಸಿದ ಚಾಲಿಗೂ ಬೇಯಿಸಿದ ಕೆಂಪಡಿಕೆಗೂ ಶಕ್ತಿ ಬೇರೆ. ಬೇಯಿಸಿದ ನೀರನ್ನು, ಅಂದರೆ ಚೊಗರನ್ನು, ನಾಯಿಯ ಬಾಯಿಗೆ ಸಿಗುವಂತೆ ತೆರೆದಿಡುವುದಂತೂ ಬೇಡವೇ ಬೇಡ. ಮೇಲಾಗಿ ಮರಿಗಳನ್ನು ಹೆಚ್ಚು ಕಾಡುವುದು ದುಂಡುಹುಳು. ಅರೆಕೋಲಿನ್ ಹೆಸರು ಮಾಡಿದ್ದು ಲಾಡಿಹುಳುವಿನ ಮೇಲೆ. ನಾಯಿಗಳಲ್ಲಿ ಸಾಮಾನ್ಯವಾದ ಒಂದು ಬಗೆಯ ಲಾಡಿಹುಳು ಚಿಗಟದಿಂದ ಬರುತ್ತದೆ, ಚಿಗಟ ಉಳಿದಿರುವಷ್ಟು ದಿನ ಅದು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಅಜ್ಜಂದಿರು ಬದುಕಿಡೀ ಕವಳ ಹಾಕಿಯೂ ಚೆನ್ನಾಗಿದ್ದರಲ್ಲ ಎಂಬ ಮಾತೂ ಇದೆ. ಅಡಿಕೆ ನಮ್ಮ ಜೀವನಾಧಾರ. ಆದರೂ ಹೇಳಲೇಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಜಗಿಯುವುದು ಮನುಷ್ಯರಿಗೇ ಕ್ಯಾನ್ಸರ್‌ಕಾರಕವೆಂದು 2004ರ ವರದಿಯಲ್ಲಿ ಹೇಳಿದೆ. ಅದಿರಲಿ, ಅರವತ್ತು ಕಿಲೋ ತೂಗುವ ಮನುಷ್ಯ ಜಗಿದು ಉಗುಳುತ್ತಾನೆ, ಹತ್ತು ಕಿಲೋದ ನಾಯಿ ನುಂಗಿಬಿಡುತ್ತದೆ. ಕವಳದಲ್ಲಿ ತಂಬಾಕು ಇದ್ದರೆ ನಿಕೋಟಿನ್ ವಿಷವೂ ಸೇರುತ್ತದೆ, ಸುಣ್ಣ ಬಾಯಿ ಸುಡುತ್ತದೆ. ಅಂಗಳದ ಗೋಟಡಿಕೆ ನುಂಗಿಯೂ ನಾಯಿಗೆ ಏನೂ ಆಗಲಿಲ್ಲವೆಂಬುದು ನಿಜವಿರಬಹುದು. ಇಡಿ ಅಡಿಕೆ ಜಗಿಯದೆ ಹೋದರೆ ಅದರ ಸಾರ ಬೇಗ ಇಳಿಯುವುದಿಲ್ಲ. ಆದರೆ ಸಣ್ಣ ನಾಯಿಯ ಕರುಳಿನಲ್ಲಿ ಅದೇ ಗಟ್ಟಿ ಕಾಯಿ ಸಿಕ್ಕಿಕೊಳ್ಳಬಹುದು.

ಆದ್ದರಿಂದ ನಾಯಿಗೆ ಅಡಿಕೆ ತಿಂಡಿಯೂ ಅಲ್ಲ, ಈ ಕಾಲಕ್ಕೆ ಮದ್ದೂ ಅಲ್ಲ. ಹುಳುವಿನ ಮಾತ್ರೆಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ನಾಯಿಯ ತೂಕ ಹೇಳಿ ಕೇಳಿ ಪಡೆಯಿರಿ. ಅಡಿಕೆ ಅಗಿದ ನಾಯಿ ಜೊಲ್ಲು ಸುರಿಸುತ್ತ ತೂರಾಡಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ, ತಿಂದದ್ದು ಅಡಿಕೆಯೆಂದು ಮೊದಲೇ ತಿಳಿಸಿ. ಇದಕ್ಕೆ ಅವರ ಬಳಿ ಅಟ್ರೋಪಿನ್ ಎಂಬ ಪ್ರತಿಮದ್ದಿದೆ.