ಎಡಿಟರ್ ತೆರೆದರೆ ಆವರ್ತ ಶುರು!

ಪರದೆಯ ಮೇಲಿರುವುದು ಒಂದೇ ಸಾಲು. ಡ್ರಮ್ಮಿನ ಹೆಸರಿಗೆ ಎರಡಕ್ಷರ, ಪಕ್ಕದ ಆವರಣದಲ್ಲಿ 3, 8. ಕಂಟ್ರೋಲ್ ಹಿಡಿದು ಎಂಟರ್ ಒತ್ತಿ. ಧಂ! ಎಂಟು ಮಾತ್ರೆಗಳಲ್ಲಿ ಮೂರು ಪೆಟ್ಟು, ಆದಷ್ಟೂ ಸಮವಾಗಿ ಹಂಚಿಕೊಂಡು, ಕ್ಯೂಬಾದ ಸಂಗೀತದಲ್ಲಿ ಮೈ ಕುಣಿಸುವ ಅದೇ ಲಯ! ಈಗ 3 ಅಳಿಸಿ 5 ಮಾಡಿ, ಮತ್ತೆ ಎಂಟರ್. ಸಂಗೀತ ನಿಲ್ಲಲೇ ಇಲ್ಲ, ನಡೆ ಮಾತ್ರ ಬದಲಾಯಿತು! ಶಾಲೆಯಲ್ಲಿ ನಮಗೆ ಬೆವರಿಳಿಸಿದ ಮ.ಸಾ.ಅ. ಲೆಕ್ಕವಿದೆಯಲ್ಲ, ಅದರ ಯೂಕ್ಲಿಡ್ ವಿಧಾನವೇ ಈ ಹಂಚಿಕೆಯ ಹಿಂದಿದೆ ಎಂದು 2005ರಲ್ಲಿ ಗಾಡ್‌ಫ್ರೀಡ್ ಟೂಸಾಂಟ್ ತೋರಿಸಿಕೊಟ್ಟರು. ಶಾಲೆಯಲ್ಲೇ ಯಾರಾದರೂ ಹೇಳಬಾರದಿತ್ತೇ!

ಇದು ಟೈಡಲ್‌ಸೈಕಲ್ಸ್. ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ಹ್ಯಾಸ್ಕೆಲ್ ಭಾಷೆಯಲ್ಲಿ ಕಟ್ಟಿದ ಲಯಯಂತ್ರ. ಎಡಿಟರ್ ಯಾವುದಾದರೂ ಸರಿ: ಪಲ್ಸಾರ್, ವಿಎಸ್ ಕೋಡ್, ಈಮ್ಯಾಕ್ಸ್, ವಿಮ್. ಟೈಡಲ್‌ನ ಪ್ಲಗಿನ್ ಹಾಕಿಕೊಂಡರಾಯಿತು. ಸೋಜಿಗವೆಂದರೆ ಎಡಿಟರಿಗೆ ಸ್ವರದ ಗಂಧವೇ ಇಲ್ಲ! ನೀವು ಬರೆದ ಸಾಲನ್ನು ಅದು ಹ್ಯಾಸ್ಕೆಲ್‌ಗೆ ದಾಟಿಸುತ್ತದೆ, ಹ್ಯಾಸ್ಕೆಲ್ ಅದನ್ನು ಪೆಟ್ಟುಗಳಾಗಿ ಬಿಡಿಸಿ ಸೂಪರ್‌ಕೊಲೈಡರ್ ಎಂಬ ಧ್ವನಿ ತಂತ್ರಾಂಶಕ್ಕೆ ಕಳಿಸುತ್ತದೆ, ಅಲ್ಲಿ ಕೂತ ಸೂಪರ್‌ಡರ್ಟ್ ನುಡಿಸುತ್ತದೆ. ಮೊದಲು ಸೂಪರ್‌ಡರ್ಟ್ ಎಬ್ಬಿಸಿ, ಆಮೇಲೆ ಎಡಿಟರಿನಲ್ಲಿ ಟೈಡಲ್ ಶುರುಮಾಡಿ. ನುಡಿಸುವವರೇ ಎದ್ದಿರದಿದ್ದರೆ ಎಷ್ಟು ಎಂಟರ್ ಒತ್ತಿದರೂ ಸದ್ದಿಲ್ಲ.

ಇನ್ನು ಬೆರಗಿನ ಬೆರಗು. ಟೈಡಲ್‌ನಲ್ಲಿ ಆವರ್ತದ ಉದ್ದ ಸ್ಥಿರ. ಎರಡು ಪೆಟ್ಟು ಬರೆದರೂ, ಹದಿನಾರು ಬರೆದರೂ ಅಷ್ಟರಲ್ಲೇ ಮುಗಿಯಬೇಕು. ಹೆಚ್ಚು ಬರೆದಷ್ಟೂ ವೇಗ ಏರುತ್ತದೆ! ಒಂದು ಪೆಟ್ಟಿನ ಜಾಗದಲ್ಲಿ ಚೌಕ ಆವರಣ ಹಾಕಿ ಮೂರು ತುಂಬಿಸಿ, ಅಲ್ಲಿಗೆ ತಿಶ್ರ! ತಾಳ ಹಾಕಿ ಬೆಳೆದ ನಮಗೆ ಇದು ಎಲ್ಲೋ ಕೇಳಿದ ಹಾಗಿದೆಯಲ್ಲ? ಕಾರಣವಿದೆ. 1980ರ ದಶಕದಲ್ಲಿ ಬರ್ನಾರ್ಡ್ ಬೆಲ್ ಲಖನೌ ತಬಲೆಯ ಬೋಲುಗಳನ್ನು ಕಂಪ್ಯೂಟರಿಗೆ ಕಲಿಸಲು ಬೋಲ್ ಪ್ರೊಸೆಸರ್ ರೂಪಿಸಿದರು. ಟೈಡಲ್‌ನ ಲಯಲಿಪಿಗೆ ಅದೂ ಒಂದು ಸ್ಫೂರ್ತಿ. ಯುರೋಪಿನ ಆಲ್ಗೋರೇವ್ ಎಂಬ ಕೋಡ್-ಕುಣಿತದ ಕೂಟಗಳಲ್ಲಿ ಗೋಡೆಯ ಮೇಲೆ ಹರಿಯುವ ಕೋಡ್ ನೋಡುತ್ತ ಜನ ಕುಣಿಯುವಾಗ, ಅದರೊಳಗೆ ಲಖನೌ ತಬಲೆಯ ಲೆಕ್ಕಾಚಾರವೂ ಸ್ವಲ್ಪ ಇದೆ!

ಇಷ್ಟೆಲ್ಲ ಇನ್‌ಸ್ಟಾಲ್ ಮಾಡುವ ತಾಳ್ಮೆ ಇಲ್ಲವೇ? ಸ್ಟ್ರೂಡಲ್ ಇದೆ, ಇದೇ ಲಯಲಿಪಿ, ನೇರ ಬ್ರೌಸರಿನಲ್ಲೇ, ಉಚಿತ. ಮಾದರಿ ಸಾಲುಗಳು ಅಲ್ಲೇ ಸಿಗುತ್ತವೆ, ಒಂದೊಂದೇ ಅಂಕಿ ಬದಲಿಸಿ ನೋಡಿ. ಶುರುವಿಗೆ ಕಂಟ್ರೋಲ್ ಮತ್ತು ಎಂಟರ್, ನಿಲ್ಲಿಸಲು ಕಂಟ್ರೋಲ್ ಮತ್ತು ಚುಕ್ಕಿ. ಎರಡನೆಯದನ್ನು ಮೊದಲು ಕಲಿತಿರಿ, ಮನೆಯಲ್ಲಿ ಯಾರಾದರೂ ಮಲಗಿರಬಹುದು.