ಜಲಾಶಯವೂ ಬಂಡವಾಳವೇ: ಗಣಿ–ಉಕ್ಕು ವಿಸ್ತರಣೆ ಮತ್ತು ಅಕ್ಕಿ ಉದ್ಯಮ

ಶ್ರೀರಾಮನಗರ, ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳ ಲೆಕ್ಕಪುಸ್ತಕಗಳಲ್ಲಿ ಯಂತ್ರ, ಕಟ್ಟಡ, ದಾಸ್ತಾನು, ಬ್ಯಾಂಕ್ ಸಾಲ ಎಲ್ಲವೂ ನಮೂದಾಗಿರುತ್ತವೆ. ಆದರೆ ಇವೆಲ್ಲಕ್ಕೂ ಆಧಾರವಾದ ಒಂದು ಆಸ್ತಿ ಯಾವ ಪುಸ್ತಕದಲ್ಲಿಯೂ ಕಾಣಸಿಗದು. ಅದು ತುಂಗಭದ್ರಾ ಜಲಾಶಯ. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆಯೇ ಎಡದಂಡೆ ನಾಲೆಯ ಉದ್ದಕ್ಕೂ ಕ್ಯಾಂಪುಗಳು ಎದ್ದವು; ಒಣಭೂಮಿ ಗದ್ದೆಯಾಯಿತು; ಭತ್ತದ ಹಿಂದೆಯೇ ಗಿರಣಿ, ಎಪಿಎಂಸಿ, ದಲಾಲಿ ಅಂಗಡಿ, ಲಾರಿ ಸಾಗಣೆ ಬಂದವು. ಗಂಗಾವತಿಗೆ ‘ಭತ್ತದ ಕಣಜ’ ಎಂಬ ಹೆಸರು ಬಂದದ್ದು ಈ ನೀರಿನಿಂದಲೇ.

ಈ ಆಸ್ತಿಗೆ ಧಕ್ಕೆ ಬಂದರೆ ಏನಾಗುವುದೆಂಬುದಕ್ಕೆ ಇತ್ತೀಚಿನ ನಿದರ್ಶನವಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನು ಬದಲಿಸುವ ಸಲುವಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಒಂದು ಬೆಳೆ ತಪ್ಪಿದರೆ ಗಿರಣಿಗೆ ಭತ್ತವಿಲ್ಲ, ಹಮಾಲರಿಗೆ ಕೂಲಿಯಿಲ್ಲ, ಎಣ್ಣೆ ತೆಗೆಯುವ ಘಟಕಕ್ಕೆ ತೌಡಿಲ್ಲ. ಆದರೆ ಗೇಟನ್ನು ಹಣ ಕೊಟ್ಟು ಬದಲಿಸಬಹುದು. ಹೂಳಿನಿಂದ ಕಳೆದುಹೋದ ಸಂಗ್ರಹ ಸಾಮರ್ಥ್ಯವನ್ನು ಅಷ್ಟು ಸುಲಭವಾಗಿ ಮರಳಿ ತರಲಾಗದು.

ಹೂಳಿನ ಲೆಕ್ಕ

ಜಲಾಶಯದ ಮೂಲ ಸಾಮರ್ಥ್ಯ ಸುಮಾರು 132.5 ಟಿಎಂಸಿ ಅಡಿ. ಈಗಿನದು ಸುಮಾರು 105.8. ಅಂದರೆ ಸುಮಾರು 27 ಟಿಎಂಸಿ ಅಡಿಯಷ್ಟು ಜಾಗವನ್ನು ಹೂಳು ಆಕ್ರಮಿಸಿದೆ. ಒಂದು ಟಿಎಂಸಿ ಅಡಿ ನೀರು ಸುಮಾರು 23 ಸಾವಿರ ಎಕರೆಯಲ್ಲಿ ಒಂದಡಿ ಎತ್ತರ ನಿಲ್ಲುವಷ್ಟಾಗುತ್ತದೆ. ಭತ್ತದ ಒಂದು ಬೆಳೆಗೆ ನಾಲ್ಕಡಿ ನೀರು ಬೇಕೆಂದು ಹಿಡಿದು, ನಾಲೆಯ ಸೋರಿಕೆ ಮತ್ತು ಆವಿಗೆ ಅರ್ಧದಷ್ಟು ಕಳೆದರೂ, ಈ 27 ಟಿಎಂಸಿ ಅಡಿ ಸುಮಾರು 75 ಸಾವಿರ ಎಕರೆಯ ನೀರು. ಎಕರೆಗೆ 25 ಕ್ವಿಂಟಲ್‌ನಂತೆ ಲೆಕ್ಕ ಹಾಕಿದರೆ ಸುಮಾರು 19 ಲಕ್ಷ ಕ್ವಿಂಟಲ್ ಭತ್ತ! ಇದು ಸ್ಥೂಲವಾದ ಅಂದಾಜೇ ಸರಿ. ಆದರೂ ನಷ್ಟದ ಗಾತ್ರವನ್ನು ಅರಿಯಲು ಸಾಕು.

ಹೂಳಿಗೆ ಗಣಿಗಾರಿಕೆಯೊಂದೇ ಕಾರಣವಲ್ಲ. ಅರಣ್ಯನಾಶ, ಇಳಿಜಾರಿನ ಬೇಸಾಯ, ನದಿಯ ಸಹಜ ಕೊರೆತ ಎಲ್ಲವೂ ಸೇರಿವೆ. ಆದರೆ ಉಳಿದ ಕಾರಣಗಳು ನಿಧಾನವಾದವು. ಗಣಿಗಾರಿಕೆಯನ್ನು ಎಷ್ಟು ವಿಸ್ತರಿಸಬೇಕೆಂಬುದು ಮಾತ್ರ ಒಂದು ಸಹಿಯಿಂದ ನಿರ್ಧಾರವಾಗುವಂಥದು. ಆದುದರಿಂದಲೇ ಆ ಸಹಿ ಬೀಳುವ ಮುನ್ನ ವ್ಯಾಪಾರಿ ವರ್ಗ ಮಾತನಾಡಬೇಕಾಗಿದೆ.

ವಿರೋಧವೆಂದರೆ ಉದ್ಯಮದ್ರೋಹವೇ?

ವಿಸ್ತರಣೆಯನ್ನು ಪ್ರಶ್ನಿಸುವವರು ಉದ್ಯಮ ವಿರೋಧಿಗಳೆಂಬ ಮಾತು ಸಾಮಾನ್ಯ. ಹೊರದೇಶದ ಒಂದು ಅನುಭವ ಇದಕ್ಕೆ ಉತ್ತರ ನೀಡುತ್ತದೆ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ‘ಡೀಪ್ ವಾಟರ್ ಹೊರೈಜನ್’ ತೈಲ ಕೊರೆತದ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಮೃತಪಟ್ಟರು; 87 ದಿನಗಳ ಕಾಲ ಕಚ್ಚಾ ತೈಲ ಸಮುದ್ರಕ್ಕೆ ಹರಿಯಿತು. ತೈಲದ ಲಾಭದಲ್ಲಿ ಪಾಲಿಲ್ಲದ ಮೀನು ವ್ಯಾಪಾರಿಗಳು, ಹೋಟೆಲ್ ಮಾಲೀಕರು, ದೋಣಿ ನಡೆಸುವವರು ಅದರ ನಷ್ಟದಲ್ಲಿ ಪಾಲುದಾರರಾದರು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ವ್ಯಾಪಾರಿಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡು ಕಡಲ ತೈಲ ಕೊರೆತದ ವಿಸ್ತರಣೆಯನ್ನು ವಿರೋಧಿಸಿದರು. 2018ರಲ್ಲಿ ಫ್ಲಾರಿಡಾದ ಮತದಾರರು ಶೇ. 68ಕ್ಕೂ ಹೆಚ್ಚಿನ ಬಹುಮತದಿಂದ ತಮ್ಮ ರಾಜ್ಯದ ಕಡಲ ವ್ಯಾಪ್ತಿಯಲ್ಲಿ ಕೊರೆತವನ್ನು ಸಂವಿಧಾನದ ಮೂಲಕವೇ ನಿಷೇಧಿಸಿದರು. ಕಡಲತೀರವೇ ತಮ್ಮ ಬಂಡವಾಳವೆಂದು ಅರಿತ ವರ್ತಕರ ನಿಲುವು ಅದಾಗಿತ್ತು. ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ. ಇಲ್ಲಿನ ವರ್ತಕರ ಪಾಲಿನ ಕಡಲತೀರವೆಂದರೆ ತುಂಗಭದ್ರೆಯ ದಂಡೆಯೇ.

ಕುದುರೆಮುಖದ ಪಾಠ

ಇಂಥ ವಿಸ್ತರಣೆಗೆ ತಡೆಬಿದ್ದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಭದ್ರಾ ನದಿಯ ಮೇಲ್ಭಾಗದಲ್ಲಿದ್ದ ಕುದುರೆಮುಖ ಕಬ್ಬಿಣ ಅದಿರು ಗಣಿಯ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದಾಗ ಕಂಪನಿಯು ಅದರ ನವೀಕರಣವನ್ನು ಕೋರಿತು. ಮಳೆಗಾಲದಲ್ಲಿ ಗಣಿಯ ಮಣ್ಣು ನದಿಗೆ ಸೇರುತ್ತಿದ್ದುದು ವಿರೋಧದ ಪ್ರಮುಖ ಕಾರಣಗಳಲ್ಲೊಂದಾಗಿತ್ತು. ಕೆ. ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಕಂಪನಿ ಮುಚ್ಚಿಹೋಗಲಿಲ್ಲ, ಹೊರಗಿನಿಂದ ಅದಿರು ಖರೀದಿಸಿ ಮಂಗಳೂರಿನ ಉಂಡೆ ಘಟಕವನ್ನು ನಡೆಸಿತು. ಗಣಿ ನಿಂತರೆ ಉದ್ಯಮವೇ ನಿಲ್ಲುವುದೆಂಬ ವಾದ ಯಾವಾಗಲೂ ನಿಜವಾಗದು.

ಕೊಪ್ಪಳದ ಮುಂದಿರುವ ಪ್ರಶ್ನೆ

ಜಲಾಶಯದ ಆಚೆ ಬದಿಯ ಬಳ್ಳಾರಿ ಗಣಿಗಳ ಕತೆ ಎಲ್ಲರಿಗೂ ತಿಳಿದದ್ದೇ. ಅಕ್ರಮಗಳ ಹಿನ್ನೆಲೆಯಲ್ಲಿ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ತೀರ್ಪಿನ ನಂತರ ವಾರ್ಷಿಕ ಮಿತಿಯೊಳಗೆ ಅವಕಾಶ ದೊರೆಯಿತು. ಆ ಮಿತಿ ಮೊದಲು 25 ದಶಲಕ್ಷ ಟನ್ ಇದ್ದದ್ದು 28ಕ್ಕೆ, 2022ರ ಆಗಸ್ಟ್‌ನಲ್ಲಿ 35ಕ್ಕೆ ಏರಿತು.

ಅದಿರಿನ ಹಿಂದೆ ಉಕ್ಕೂ ಬರುತ್ತದೆ. 2025ರ ಫೆಬ್ರುವರಿಯಲ್ಲಿ ಬಿಎಸ್‌ಪಿಎಲ್ ಸಂಸ್ಥೆಯು ಕೊಪ್ಪಳ ನಗರಕ್ಕೆ ಹೊಂದಿಕೊಂಡಂತೆ 54 ಸಾವಿರ ಕೋಟಿ ರೂಪಾಯಿ ವೆಚ್ಚದಲ್ಲಿ ವಾರ್ಷಿಕ 10.5 ದಶಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಸ್ಥಾವರ ಸ್ಥಾಪಿಸುವ ಯೋಜನೆ ಪ್ರಕಟವಾಯಿತು. ಗಿಣಿಗೇರಿ, ಹಿರೇಬಗನಾಳ ಸುತ್ತಲಿನ ಕಾರ್ಖಾನೆಗಳ ಹೊಗೆ–ದೂಳಿನಿಂದ ಮೊದಲೇ ಬೇಸತ್ತಿದ್ದ ಜನ ಇದನ್ನು ವಿರೋಧಿಸಿದರು. ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳೂ ಬೀದಿಗಿಳಿದರು. ಮರುತಿಂಗಳು ಸರ್ವಪಕ್ಷ ನಿಯೋಗವನ್ನು ಭೇಟಿಯಾದ ಮುಖ್ಯಮಂತ್ರಿಗಳು ಕಾಮಗಾರಿ ನಿಲ್ಲಿಸಲು ಮೌಖಿಕವಾಗಿ ಸೂಚಿಸಿದರು.

ಉಕ್ಕಿನ ಕಾರ್ಖಾನೆಗಳೂ ಈ ಸಂಘಸಂಸ್ಥೆಗಳ ಸದಸ್ಯರೇ. ಅವುಗಳಿಂದ ಸಾಗಣೆದಾರರಿಗೆ, ಬಿಡಿಭಾಗ ತಯಾರಕರಿಗೆ, ಹೋಟೆಲುಗಳಿಗೆ ವ್ಯವಹಾರ ದೊರೆಯುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಸ್ವಭಾವದಲ್ಲಿ ಈ ಎರಡು ಉದ್ಯಮಗಳು ಬೇರೆ. ಭತ್ತಕ್ಕೆ ಹಂಗಾಮಿನಲ್ಲಿ ಮಾತ್ರ ನೀರು ಬೇಕು, ಕುಲುಮೆಗೆ ವರ್ಷವಿಡೀ ಬೇಕು. ಬರಗಾಲದಲ್ಲಿ ಗದ್ದೆಯನ್ನು ಬೀಳುಬಿಡಬಹುದು, ಕುಲುಮೆಯನ್ನು ಆರಿಸುವುದು ಕಷ್ಟ. ಹೀಗಾಗಿ ಕೊರತೆಯ ಭಾರ ಮೊದಲು ಬೀಳುವುದು ನಾಲೆಯ ಕೊನೆಭಾಗದ ರೈತನ ಮೇಲೆ, ಅನಂತರ ಆತನ ಭತ್ತವನ್ನೇ ನಂಬಿದ ಗಿರಣಿಯ ಮೇಲೆ.

ಮಂಡಳಿಗಳು ಕೇಳಬೇಕಾದದ್ದು

ಆದ್ದರಿಂದ ಕುಗ್ಗಿದ ಜಲಾಶಯದ ಮೇಲೆ ಹೊಸ ಹೊರೆ ಹೊರಿಸುವ ವಿಸ್ತರಣೆಗಳಿಗೆ ವ್ಯಾಪಾರಿ ಸಂಸ್ಥೆಗಳು ಇಂದಿನ ಸ್ಥಿತಿಯಲ್ಲಿ ಒಪ್ಪಿಗೆ ನೀಡಲಾಗದು. ಯಾವುದೇ ಹೊಸ ಅನುಮತಿಗೆ ಮುನ್ನ ಜಲಾಶಯದ ನೀರಿನ ಹಂಚಿಕೆಯನ್ನು ಬರವರ್ಷದ ಲೆಕ್ಕದಲ್ಲಿ ಬಹಿರಂಗಪಡಿಸಬೇಕು. ಗಣಿ ಮಿತಿಯನ್ನು ಏರಿಸುವಾಗ ಹಳ್ಳಗಳಿಗೆ ತಡೆಗೋಡೆ, ಮಣ್ಣುರಾಶಿಗೆ ಹಸಿರು ಹೊದಿಕೆ ಆದ ಬಗ್ಗೆ ಸ್ಥಳ ಪರಿಶೀಲನೆ ನಡೆಯಬೇಕು. ಹೂಳಿನ ನಷ್ಟ ತುಂಬಲು ಉದ್ದೇಶಿಸಿದ ನವಲಿ ಸಮಾನಾಂತರ ಜಲಾಶಯಕ್ಕೆ 2022–23ರ ರಾಜ್ಯ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಅಂತರರಾಜ್ಯ ಒಪ್ಪಿಗೆ ಪಡೆದು ಅದು ಕಾರ್ಯಗತವಾಗುವಂತೆ ಒತ್ತಡ ಹೇರಬೇಕು.

ಸಾರ್ವಜನಿಕ ಅಹವಾಲು ಸಭೆಗಳಲ್ಲಿ ರೈತರು ಮತ್ತು ಹೋರಾಟಗಾರರು ಮಾತನಾಡುವುದು ರೂಢಿ. ವರ್ತಕರು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳುತ್ತಾರೆ. ಗಿರಣಿ ಮಾಲೀಕರು ತಮ್ಮ ವಾರ್ಷಿಕ ಭತ್ತ ಖರೀದಿ, ಕೂಲಿ, ಸಾಗಣೆ, ತೆರಿಗೆಗಳ ಅಂಕಿಅಂಶಗಳೊಡನೆ ಮುಂದಿನ ಸಾಲಿಗೆ ಬಂದರೆ, ಆ ಮಾತಿನ ತೂಕವೇ ಬೇರೆಯಾಗುತ್ತದೆ.