ಒಂದು ಹಲ್ಲಿನ ಅಂತರ

ಅರಸೀಕೆರೆಯಿಂದ ಜಾವಗಲ್ಲನ್ನು ಹಾಯ್ದು ಹಳೇಬೀಡಿಗೂ, ಅಲ್ಲಿಂದ ಸುಮಾರು 16 ಕಿಲೋಮೀಟರು ಮುಂದಿರುವ ಬೇಲೂರಿಗೂ ಹೋಗುವ ದಾರಿ ಎರಡು ಸೀಮೆಗಳನ್ನು ಕೂಡಿಸುವ ದಾರಿ. ಇತ್ತ ತೆಂಗು, ರಾಗಿಗಳ ಬಯಲು. ಬೇಲೂರನ್ನು ದಾಟಿದರೆ ಅತ್ತ ಕಾಫಿ ತೋಟಗಳ ಮಲೆನಾಡು. ಬಸ್ಸಿನಲ್ಲಿ ಕುಳಿತವನಿಗೆ ಈ ವ್ಯತ್ಯಾಸ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಮೋಟಾರು ಸೈಕಲಿನವನಿಗಾದರೋ ಕೈಗೂ ಕಿವಿಗೂ ತಿಳಿಯುತ್ತದೆ. ಬಯಲಿನಲ್ಲಿ ಹಾಯಾಗಿ ಗುನುಗುತ್ತಿದ್ದ ಎಂಜಿನು ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಏದುಸಿರು ಬಿಡುತ್ತದೆ.

ನನ್ನ ಸೋದರಳಿಯ ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು ಬೇಲೂರಿನ ಬಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾನೆ. ಸಾಲ ಮಾಡಿ ಕೊಂಡ ಸ್ಪೋರ್ಟ್ಸ್ ಮೋಟಾರು ಸೈಕಲೇ ಅವನ ವಾಹನ. ದಿನವೊಂದಕ್ಕೆ 100 ಕಿಲೋಮೀಟರಿಗೂ ಮೇಲ್ಪಟ್ಟ ಓಡಾಟ. ತಿಂಗಳಿಗೊಮ್ಮೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಘಟ್ಟದ ಕಡೆಗಿರುವ ಅತ್ತೆಯ ಮನೆಗೆ ಹೋಗುವುದುಂಟು. “ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿಬಿಡ್ತೀನಿ ಮಾವ, ಏರಿನಲ್ಲಿ ಗಾಡಿ ಎಗರಿಕೊಂಡು ಹೋಗುತ್ತೆ” ಎಂದು ಅವನು ಒಂದು ದಿನ ನನ್ನೆದುರು ಪ್ರಸ್ತಾಪಿಸಿದ. ಗಣಿತ ಪಾಠ ಹೇಳಿ ನಿವೃತ್ತನಾದ ನನಗೆ ಇಂಥ ಮಾತು ಕಿವಿಗೆ ಬಿದ್ದರೆ ಕಾಗದ ಪೆನ್ಸಿಲು ತಾನಾಗಿ ಕೈಗೆ ಬರುತ್ತವೆ.

ಲೆಕ್ಕ ಸುಲಭವಾದದ್ದು. ಗೇರುಪೆಟ್ಟಿಗೆಯಿಂದ ಹೊರಬರುವ ದಂಡಕ್ಕೆ ಒಂದು ಚಿಕ್ಕ ಹಲ್ಲುಚಕ್ರ, ಹಿಂದಿನ ಗಾಲಿಗೆ ಒಂದು ದೊಡ್ಡ ಹಲ್ಲುಚಕ್ರ. ಎರಡನ್ನೂ ಬಿಗಿಯುವುದು ಸರಪಳಿ. ಅವನ ಗಾಡಿಯಲ್ಲಿ ಮುಂದೆ 15, ಹಿಂದೆ 45 ಹಲ್ಲು. ಚಿಕ್ಕದು ಮೂರು ಸುತ್ತು ಬಂದರೆ ದೊಡ್ಡದು ಒಂದು ಸುತ್ತು. ಮುಂದಿನದನ್ನು 14ಕ್ಕೆ ಇಳಿಸಿದರೆ ಪ್ರಮಾಣ 3.21 ಆಗುತ್ತದೆ, ಗಾಲಿಗೆ ಸಲ್ಲುವ ತಿರುಚುಬಲ ಶೇಕಡಾ 7ರಷ್ಟು ಹೆಚ್ಚುತ್ತದೆ. ಮುಂದಿನದನ್ನು ಹಾಗೆಯೇ ಬಿಟ್ಟು ಹಿಂದೆ 48 ಹಲ್ಲಿನದನ್ನು ಹಾಕಿದರೂ ಫಲ ಹೆಚ್ಚು ಕಡಿಮೆ ಒಂದೇ. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ ಎಂದು ಕುಶಲಿಗರು ಬಾಯಲ್ಲಿ ಹೇಳುವ ಮಾತಿಗೆ ಈ ಭಾಗಾಕಾರವೇ ಆಧಾರ.

ಆದರೆ ಯಂತ್ರಶಾಸ್ತ್ರದಲ್ಲಿ ಪುಕ್ಕಟೆಯ ಲಾಭವೆಂಬುದಿಲ್ಲ. ಬಲದಲ್ಲಿ ಪಡೆದುದನ್ನು ವೇಗದಲ್ಲಿ ತೆರಬೇಕು. ಮೊದಲು ನಿಮಿಷಕ್ಕೆ 6,000 ಸುತ್ತಿನಲ್ಲಿ ಎಂಜಿನು ಕೊಡುತ್ತಿದ್ದ ವೇಗವನ್ನೇ ಈಗ ಪಡೆಯಬೇಕಾದರೆ ಅದು ಸುಮಾರು 6,430 ಸುತ್ತು ತಿರುಗಬೇಕು. ಅರಸೀಕೆರೆಯ ಬಯಲು ರಸ್ತೆಯಲ್ಲಿ ದಿನವೂ ಅಷ್ಟು ಹೆಚ್ಚಿನ ಸದ್ದು, ನಡುಕ, ಪೆಟ್ರೋಲು. ವೇಗವನ್ನು ಗೇರುಪೆಟ್ಟಿಗೆಯ ದಂಡದಿಂದ ಅಳೆಯುವ ಗಾಡಿಗಳಲ್ಲಿ ವೇಗಮಾಪಕವೂ ಸುಳ್ಳು ಹೇಳತೊಡಗುತ್ತದೆ. ಮುಂದಿನ ಗಾಲಿಯಿಂದ ಅಳೆಯುವ ಗಾಡಿಗಳಿಗೆ ಈ ತೊಡಕಿಲ್ಲ. ಇನ್ನು ಸರಪಳಿಯ ಮಾತು: ಚಕ್ರ ಚಿಕ್ಕದಾದಷ್ಟೂ ಕೊಂಡಿಗಳು ಹೆಚ್ಚು ಬಾಗಬೇಕು, ಹೆಚ್ಚು ಬಾಗಿದಷ್ಟೂ ಬೇಗ ಸವೆಯುತ್ತವೆ.

ಇಂದಿನ ಉರುಳೆ ಸರಪಳಿಗೆ ಮೂಲವಾದದ್ದು 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನೋಲ್ಡ್ ಪೇಟೆಂಟು ಪಡೆದ ರಚನೆ. ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತಿದ್ದ ಜಾವಾ 250ರಲ್ಲಿ ಈ ಸರಪಳಿ ಪೂರ್ತಿ ಮುಚ್ಚಿದ ತಗಡಿನ ಕವಚದೊಳಗೆ ಇರುತ್ತಿತ್ತು. ಧೂಳು ಕಾಣದೆ ಬಹುಕಾಲ ಬಾಳುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಸ್ಪೋರ್ಟ್ಸ್ ಗಾಡಿಗಳ ಸರಪಳಿ ಬಯಲಿನಲ್ಲಿದೆ. ಧೂಳು, ಮಳೆ, ಕೆಸರು ಎಲ್ಲವೂ ಅದರ ಪಾಲಿಗೆ.

ಅರಸೀಕೆರೆಯ ಮೇಸ್ತ್ರಿಯೊಬ್ಬರ ಅಂಗಡಿಗೆ ನಾವಿಬ್ಬರೂ ಹೋದೆವು. ಅವರು ಮುಂದಿನ ಚಕ್ರವನ್ನು ನೋಡುವ ಮೊದಲು ಹಿಂದಿನದರ ಬಳಿ ಕುಕ್ಕರುಗಾಲಲ್ಲಿ ಕುಳಿತು, ಸರಪಳಿಯನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆಳೆದರು. ಅರ್ಧ ಹಲ್ಲು ಬರಿದಾಗಿ ಕಾಣಿಸಿತು. ಹಲ್ಲುಗಳೂ ಒಂದು ಮಗ್ಗುಲಿಗೆ ಕೊಕ್ಕೆಯಂತೆ ಬಾಗಿದ್ದವು. “ಚೈನು ಎಳೆದುಕೊಂಡಿದೆ ಅಂತಾರೆ ಮೇಷ್ಟ್ರೆ, ಆದರೆ ಕಬ್ಬಿಣ ಎಲ್ಲಿ ಎಳೆಯುತ್ತೆ? ಒಳಗಿನ ಪಿನ್ನುಗಳು ಸವೆದು ಉದ್ದ ಬಂದಿರೋದು” ಎಂದರು. ಮುಂದಿನ ಚಕ್ರವೊಂದನ್ನು ಬದಲಿಸಿದರೆ ಸಾಕಲ್ಲವೆ, ಈ ತಿಂಗಳು ಕೈ ಬಿಗಿ, ಎಂದು ಹುಡುಗ ಅಂಗಲಾಚಿದ. ಮೇಸ್ತ್ರಿ ಒಪ್ಪಲಿಲ್ಲ. “ಹಳೇ ಚೈನು ಹೊಸ ಹಲ್ಲನ್ನೂ ತಿಂದುಹಾಕುತ್ತೆ. ಘಟ್ಟದಲ್ಲಿ ಹಲ್ಲು ತಪ್ಪಿ ಗಾಲಿಗೆ ಸುತ್ತಿಕೊಂಡರೆ ಹಿಂದೆ ಕೂತಿರೋ ಹೆಣ್ಣುಮಗಳ ಗತಿ ಏನಪ್ಪ?” ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಆ ಮೇಲೆ ಅವರು ನಡೆಸಿದ ಕೆಲಸವನ್ನು ನಾನು ಪಾಠ ಕೇಳುವವನಂತೆ ನೋಡಿದೆ. ಮುಂದೆ ಒಂದು ಹಲ್ಲು ಕಡಿಮೆಯಾದರೆ ಸಡಿಲ ತೆಗೆಯಲು ಹಿಂದಿನ ಅಚ್ಚನ್ನು ಸುಮಾರು 4 ಮಿಲಿಮೀಟರು ಹಿಂದಕ್ಕೆ ಸರಿಸಬೇಕು. ಹಿಂದೆ ಮೂರು ಹಲ್ಲು ಹೆಚ್ಚಾದರೆ 12 ಮಿಲಿಮೀಟರು ಮುಂದಕ್ಕೆ ತರಬೇಕು, ಅಷ್ಟು ಎಡೆಯಿಲ್ಲದಿದ್ದರೆ ಎರಡು ಕೊಂಡಿ ಉದ್ದವಾದ ಸರಪಳಿ ಬೇಕು. ಅಚ್ಚಿನ ಎರಡು ಕಡೆಯ ಗುರುತುಗಳೂ ಒಂದೇ ಗೆರೆಗೆ ನಿಲ್ಲಬೇಕು. ಸರಪಳಿಯನ್ನು ವೀಣೆಯ ತಂತಿಯಂತೆ ಬಿಗಿಯಲೂ ಕೂಡದು. ಗಾಲಿ ಹಳ್ಳ ದಿಣ್ಣೆಗಳಲ್ಲಿ ಏರಿಳಿಯುವಾಗ ಅದಕ್ಕೆ ಆಟ ಬೇಕು. ಕ್ಲಿಪ್ಪಿನ ಕೊಂಡಿಯಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಸರಪಳಿ ಚಲಿಸುವ ದಿಕ್ಕಿಗಿರಬೇಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಿಲ್ಪವೊಂದರ ಕೈಯಲ್ಲಿ ಹಲ್ಲುಚಕ್ರದ ಯಂತ್ರವಿದೆ ಎಂಬ ಮಾತು ಈಚೆಗೆ ಪ್ರಚಾರದಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮತ್ತೊಂದರ ಹಲ್ಲಿಗೆ ಕಚ್ಚಿ ತಿರುಗದ ಹಲ್ಲು ಅಲಂಕಾರವೇ ಹೊರತು ಯಂತ್ರವಲ್ಲ. ಹೊಯ್ಸಳರ ಕೌಶಲಕ್ಕೆ ಇಂಥ ಕಲ್ಪಿತ ಸಾಕ್ಷಿ ಬೇಕಾಗಿಯೂ ಇಲ್ಲ. 1117ರ ಬೇಲೂರಿನ ಗುಡಿಯಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳ ಬಳೆಗಳನ್ನು ನೋಡಿದರೆ ಸಾಕು. ಅರಸೀಕೆರೆಯ ಈಶ್ವರ ದೇವಾಲಯದ 16 ಮೂಲೆಗಳ ನಕ್ಷತ್ರವಿನ್ಯಾಸವನ್ನು ನೋಡಿದರೆ ಸಾಕು. ವೃತ್ತವನ್ನು ಭಾಗಿಸುವ ವಿದ್ಯೆ ಅವರಿಗೆ ಕರತಲಾಮಲಕವಾಗಿತ್ತು. ಹಲ್ಲುಚಕ್ರವನ್ನು ಕೊರೆಯುವವನಿಗೂ ಬೇಕಾದದ್ದು ಅದೇ ವಿದ್ಯೆ.

ಕಡೆಗೆ ಹುಡುಗ ಏನು ಮಾಡಿದನೆಂದು ವಾಚಕರು ಕೇಳಬಹುದು. ಪಂದ್ಯದ ಸವಾರರು ಒಂದೊಂದು ಓಟದ ಬಳಸಿಗೆ ಒಂದೊಂದು ಹಲ್ಲುಚಕ್ರ ಹಾಕುತ್ತಾರೆ. ಅವರಿಗೆ ಆ ದಿನ ಆ ಹಾದಿಯೊಂದೇ. ಇವನಿಗೆ ತಿಂಗಳಲ್ಲಿ ಇಪ್ಪತ್ತೈದು ದಿನ ಬಯಲು, ಒಂದು ದಿನ ಘಟ್ಟ. ಗೇರುಪೆಟ್ಟಿಗೆಯಲ್ಲಿ ಒಂದು ಗೇರು ಕೆಳಗಿಳಿದರೆ ದೊರೆಯುವ ಬಲ ಆ ಶೇಕಡಾ 7ಕ್ಕಿಂತ ಹೆಚ್ಚು, ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ. ಬೆಟ್ಟದ ತಪ್ಪಲಲ್ಲೇ ವಾಸವಾಗಿ, ಮೊದಲನೆಯ ಗೇರಿನಲ್ಲೂ ತಿಣುಕುವವನಿಗೆ 14 ಹಲ್ಲು ನ್ಯಾಯವಾದೀತು. ಇವನು 15, 45ನ್ನೇ ಉಳಿಸಿಕೊಂಡು ಎರಡು ಚಕ್ರಗಳನ್ನೂ ಸರಪಳಿಯನ್ನೂ ಒಟ್ಟಿಗೆ ಹೊಸದು ಮಾಡಿಸಿದ. ಹಣ ಸಾಲದೆ ಬಂದದ್ದನ್ನು ನಾನು ಕೈಗಡವಾಗಿ ಕೊಟ್ಟೆ. ಅದರಲ್ಲಿ ಅರ್ಧ ಈಗಾಗಲೇ ತೀರಿದೆ. ಸರಪಳಿಗೆ ವಾರವಾರವೂ ಎಣ್ಣೆ ಕಾಣಿಸುತ್ತಿದ್ದಾನೆಂದು ಅವನ ಹೆಂಡತಿ ಹೇಳುತ್ತಾಳೆ.